ಹಿಡಿಗೆ ಬಟ್ಟೆ ಸುತ್ತಿದ ಕತ್ತರಿ

ಕತ್ತರಿ ಕಾಗದವನ್ನು ಕತ್ತರಿಸಲಿಲ್ಲ, ಜಗಿಯಿತು.

ನನ್ನ ಸೊಸೆ ವನಿತಾ ಮದುವೆ ಕಾಗದದ ಒಂದು ಮಾದರಿ ಹಿಡಿದುಕೊಂಡು, ಅದರ ಅಂಚು ಸರಿ ಮಾಡಲಿಕ್ಕೆ ಕತ್ತರಿ ಕೇಳಿದ್ದಳು. ಮನೆಯಲ್ಲಿ ಇದ್ದದ್ದನ್ನು ಕೊಟ್ಟೆ. ಬಿಸ್ಕತ್ತಿನ ಡಬ್ಬಿಯೊಳಗೆ, ಬೀಡಿ ಎಲೆ ಅಳೆಯುವ ತಗಡಿನ ಜೊತೆ, ಅದು ಎಷ್ಟೋ ವರ್ಷದಿಂದ ಮಲಗಿತ್ತು. ಹಿಡಿಗೆ ಸುತ್ತಿದ ಬಟ್ಟೆಯ ಬಣ್ಣ ಯಾವುದೆಂದು ಈಗ ದೇವರಿಗೂ ಹೇಳಲಿಕ್ಕಾಗದು. ವನಿತಾ ಎರಡು ಸಲ ಒತ್ತಿದಳು. ಕಾಗದದ ಅಂಚು ದನ ಮೇಯ್ದ ಬಾಳೆ ಎಲೆಯ ಹಾಗಾಯಿತು.

"ಇದನ್ನು ಎಂತಕ್ಕೆ ಇಟ್ಟುಕೊಂಡದ್ದು ಅತ್ತೆ?"

"ಬಿಸಾಡಲಿಕ್ಕೆ ಮರೆತು ಹೋಯಿತು."

ಅದು ಸುಳ್ಳು. ಆದರೆ ಸತ್ಯ ಹೇಳಲಿಕ್ಕೆ ಒಂದು ಮಧ್ಯಾಹ್ನ ಬೇಕು, ಅವಳಿಗೆ ಅಷ್ಟು ಪುರುಸೊತ್ತು ಇರಲಿಲ್ಲ. ನಿಮಗೆ ಇದ್ದರೆ ಕೇಳಿ. ನಡುವೆ ಬೇರೆ ಮಾತು ಬಂದೀತು. ಐವತ್ತು ವರ್ಷ ಬೀಡಿ ಕಟ್ಟಿದವಳಿಗೆ ಕೈ ಒಂದು ಕಡೆ, ಬಾಯಿ ಒಂದು ಕಡೆ ಹೋಗುವುದು ಅಭ್ಯಾಸ.

ನಾನು ಕಲಿತದ್ದು ಮೂರನೇ ಕ್ಲಾಸು. ಅಕ್ಷರದ ಗುರುತು ಉಂಟು, ಸಲಿಗೆ ಇಲ್ಲ. ನರಿಕೊಂಬಿನ ನಮ್ಮ ಮನೆಯಲ್ಲಿ ನನ್ನ ಚಿಕ್ಕಂದಿನಲ್ಲಿ ಪುಸ್ತಕ ಎಂಬುದು ಇರಲಿಲ್ಲ. ಇದ್ದದ್ದು ಮಾಡಿನ ಮರದ ಪಕಾಸಿನ ಸಂದಿಯಲ್ಲಿ ಸಿಕ್ಕಿಸಿಟ್ಟ ಮದುವೆ ಕಾಗದಗಳು. ಒಲೆಯ ಹೊಗೆ ತಿಂದು ತಿಂದು ಅವು ಕಂದು ಬಣ್ಣಕ್ಕೆ ಬಂದಿದ್ದವು. ಅಮ್ಮನಿಗೆ ಓದಲಿಕ್ಕೆ ಬರುತ್ತಿರಲಿಲ್ಲ. ಯಾವುದಾದರೂ ಸಂಬಂಧದ ಮಾತು ಬಂದಾಗ ಒಂದನ್ನು ಎಳೆದು ತೆಗೆದು ನನ್ನ ಮುಖದ ಮುಂದೆ ಹಿಡಿದು, "ಮೇಲೆ ಯಾರ ಹೆಸರು ಉಂಟು ನೋಡು" ಎನ್ನುವಳು. ಮೇಲೆ ಇರಬೇಕಾದದ್ದು ಸೋದರಮಾವನ ಹೆಸರು. ನಮ್ಮ ಕಡೆ ಮನೆತನ ನಡೆಯುವುದು ತಾಯಿಯ ಕಡೆಯಿಂದ. ಅಪ್ಪನ ಹೆಸರು ಸ್ವಲ್ಪ ಕೆಳಗೆ ಬಂದರೂ ಅವನು ಸುಮ್ಮನಿರುತ್ತಾನೆ. ಮಾವನ ಹೆಸರು ತಪ್ಪಿತೆಂದರೆ ಚಪ್ಪರದಲ್ಲಿ ಊಟಕ್ಕಿಂತ ಮೊದಲು ಜಗಳ ಬಡಿಸುತ್ತಾರೆ. ಹೀಗೆ ನಾನು ಓದಲು ಕಲಿತದ್ದು ಮಾವಂದಿರ ಹೆಸರುಗಳಿಂದ. ಕಾಗದದ ಕೆಳಗಿನ ಅರ್ಧಕ್ಕೆ ಇಳಿಯುವಷ್ಟು ತಾಳ್ಮೆ ನನಗೆ ಇವತ್ತಿಗೂ ಬಂದಿಲ್ಲ.

ವನಿತಾಳೂ ನನ್ನ ಹಾಗೆ ಬೀಡಿ ಕಟ್ಟಿದವಳೇ. ಬೀಡಿ ಕಂಪೆನಿಯ ಬ್ರಾಂಚಿನಲ್ಲಿ ಎಲೆ ಕೊಡುವುದು ವಾರಕ್ಕೆ ಮೂರು ದಿನಕ್ಕೆ ಇಳಿದಾಗ ಅವಳು ಅವಳ ಅಣ್ಣ ಬಿಟ್ಟ ಒಂದು ಹಳೆಯ ಲ್ಯಾಪ್‌ಟಾಪ್ ತಂದು ಚಾವಡಿಯಲ್ಲಿ ಇಟ್ಟಳು. ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಕಾಗದ ಮಾಡಲು ಕಲಿತಳು. ಮದುವೆಯದ್ದು, ಗೃಹಪ್ರವೇಶದ್ದು, ಉಪ್ಪಿನಕಾಯಿ ಬಾಟಲಿಯ ಲೇಬಲ್ಲು, ಎಲ್ಲ. ನಾನು ಒಂದು ಮೂಲೆಯಲ್ಲಿ ಮೊರದಂಥ ತಡ್ಪೆ ಮಡಿಲಿಗಿಟ್ಟುಕೊಂಡು ಎಲೆ ಕತ್ತರಿಸುತ್ತಿದ್ದರೆ ಅವಳು ಇನ್ನೊಂದು ಮೂಲೆಯಲ್ಲಿ ಪರದೆಯ ಮೇಲೆ ಹೂ ಕತ್ತರಿಸುತ್ತಿದ್ದಳು. ಸಾಫ್ಟ್‌ವೇರ್ ಅಂದರೆ ಎಂಥದ್ದು ಎಂದು ಕೇಳಿದೆ.

"ಕೈಯಲ್ಲಿ ಹಿಡಿಯಲಿಕ್ಕೆ ಆಗದ ಕತ್ತರಿ, ಗೋಂದು, ಬಣ್ಣದ ಬ್ರಶ್ಶು, ಎಲ್ಲ ಒಟ್ಟಿಗೆ ಅತ್ತೆ."

ಈ ಉತ್ತರ ನನಗೆ ಒಪ್ಪಿಗೆಯಾಯಿತು. ಅವಳು ಹಾಕಿಕೊಂಡ ಸಾಫ್ಟ್‌ವೇರಿನ ಹೆಸರು ಇಂಗ್ಲಿಷಿನದ್ದು, ನನ್ನ ನಾಲಿಗೆಗೆ ತಿರುಗುವುದಿಲ್ಲ. ನಾನು ಅದನ್ನು ಚಿಕ್ಕದು ಎನ್ನುತ್ತೇನೆ. ಊರೆಲ್ಲ ಹೆಸರುವಾಸಿಯಾದದ್ದು ಬೇರೆ ಉಂಟು, ಅದು ದೊಡ್ಡದು. ದೊಡ್ಡದಕ್ಕೆ ತಿಂಗಳು ತಿಂಗಳು ಕೊಡಬೇಕು, ಹಾಲಿನವನಿಗೆ ಕೊಟ್ಟ ಹಾಗೆ. ಚಿಕ್ಕದಕ್ಕೆ ಒಮ್ಮೆ ಕೊಟ್ಟರೆ ಮುಗಿಯಿತು. ಬೆಲೆ ಒಂದು ಮಿಕ್ಸಿಯಷ್ಟು, ಅದೂ ದೀಪಾವಳಿಗೆ ರಿಯಾಯಿತಿಯಲ್ಲಿ ಸಿಗುವ ಮಿಕ್ಸಿ.

"ಕೆಲಸದಲ್ಲಿ ಕಮ್ಮಿಯಾ?" ಎಂದು ಕೇಳಿದೆ.

"ನಾವು ಮಾಡುವ ಕೆಲಸಕ್ಕೆ ಎಂತದೂ ಕಮ್ಮಿ ಇಲ್ಲ."

"ಹಾಗಾದರೆ ಎಲ್ಲರೂ ಇದನ್ನೇ ತೆಗೆದುಕೊಳ್ಳಬೇಕಲ್ಲ?"

"ಇಲ್ಲಿ ಯಾರಿಗೂ ಗೊತ್ತೇ ಇಲ್ಲ ಅತ್ತೆ."

"ಯಾಕೆ ಗೊತ್ತಿಲ್ಲ?"

"ಅದು ನನಗೆ ಗೊತ್ತಿಲ್ಲ."

ಹಲ್ಲಿನ ಸಂದಿಯಲ್ಲಿ ಮೀನಿನ ಮುಳ್ಳು ಸಿಕ್ಕಿದ ಹಾಗೆ ಈ ಮಾತು ನನ್ನಲ್ಲಿ ಉಳಿಯಿತು. ಕೆಟ್ಟದ್ದು ಯಾರಿಗೂ ಗೊತ್ತಾಗದೆ ಇದ್ದರೆ ಅದಕ್ಕೆ ಅರ್ಥ ಉಂಟು. ಒಳ್ಳೆಯದು, ಅದರಲ್ಲಿಯೂ ಅಗ್ಗದ್ದು, ಅಡಗಿ ಕೂರುವುದು ಹೇಗೆ?

ಈಗ ಆ ಮಾದರಿ ಕಾಗದಕ್ಕೆ ಬರುತ್ತೇನೆ. ಅದು ಮೂಡುಬಿದಿರೆ ಹತ್ತಿರದ ಒಂದು ಜೈನರ ಮನೆಯ ಮದುವೆಯದ್ದು. ಮನೆತನದ ವಿಷಯದಲ್ಲಿ ಅವರದ್ದೂ ನಮ್ಮದೇ ಕಟ್ಟು, ಮಾವನೇ ಮೊದಲು. ವನಿತಾ ಬ್ಲೇಡಿನಲ್ಲಿ ಅಂಚು ಸರಿ ಮಾಡಿ, "ಅತ್ತೆ, ಒಮ್ಮೆ ನೋಡಿ, ಹೆಸರೆಲ್ಲ ಸರಿ ಉಂಟಾ" ಎಂದು ಕೈಗೆ ಕೊಟ್ಟಳು. ನಾನು ಕಾಗದವನ್ನು ಹಿಡಿದುಕೊಂಡು ಕತ್ತರಿಯನ್ನು ನೋಡುತ್ತಿದ್ದೆ. "ಸರಿ ಉಂಟು" ಎಂದೆ. ಜೀವನದಲ್ಲಿ ನನಗೆ ಓದಲು ಬರುತ್ತಿದ್ದದ್ದು ಒಂದೇ ಸಾಲು, ಅದನ್ನೂ ಆ ದಿನ ಓದಲಿಲ್ಲ.

ಮನೆಯವರೂ ಮೊಬೈಲಿನಲ್ಲಿ ಹೂವಿನ ಬಣ್ಣ ನೋಡಿ ಒಪ್ಪಿದರು. ಫೈಲು ಮೂಡುಬಿದಿರೆಯ ಪ್ರೆಸ್ಸಿಗೆ ಹೋಯಿತು. ಮರುದಿನ ನಾವಿಬ್ಬರೂ ಮುಂಡಾಜೆಯಲ್ಲಿ ವನಿತಾಳ ತಂಗಿಯ ಸೀಮಂತಕ್ಕೆ ಹೋದೆವು. ಆ ಮನೆ ಇರುವ ತಗ್ಗಿನಲ್ಲಿ ಫೋನು ಸತ್ತ ಹಾಗೆ. ಊಟ ಮಾಡಿ, ಬಸ್ಸು ಹತ್ತಿ, ಬೆಳ್ತಂಗಡಿ ಮುಟ್ಟುವಾಗ ಅದಕ್ಕೆ ಜೀವ ಬಂತು. ಬಂದದ್ದೇ, ಹೊಟ್ಟೆನೋವಿನ ಮಗುವಿನ ಹಾಗೆ ನಿಲ್ಲಿಸದೆ ಕೂಗಿತು. ಎಲ್ಲ ಪ್ರೆಸ್ಸಿನ ಜಿನರಾಜರದ್ದು.

ಆದದ್ದು ಇಷ್ಟು. ಮೊದಲ ಕಾಗದವನ್ನು ಬಸದಿಯಲ್ಲಿ ದೇವರ ಮುಂದೆ ಇಡಬೇಕೆಂದು ಮನೆಯವರು ಪ್ರೆಸ್ಸಿಗೆ ಬಂದಿದ್ದಾರೆ. ಜೊತೆಯಲ್ಲಿ ಸೋದರಮಾವನೂ ಬಂದಿದ್ದಾರೆ. ಅಚ್ಚಿಗೆ ಹೋಗುವ ಮೊದಲು ಅವರೇ ಕನ್ನಡಕ ಹಾಕಿಕೊಂಡು ನೋಡಿದ್ದಾರೆ, ಅವರ ಹೆಸರೇ ಇಲ್ಲ. ಒಂದು ಹೆಸರು ಸೇರಿಸುವುದು ಎರಡು ನಿಮಿಷದ ಕೆಲಸ. ಆದರೆ ವನಿತಾಳ ಫೈಲು ಚಿಕ್ಕದರಲ್ಲಿ ಮಾಡಿದ್ದು, ಜಿನರಾಜರ ಮೆಷಿನಿನಲ್ಲಿ ಇರುವುದು ದೊಡ್ಡದು. ಅಲ್ಲಿ ಅದನ್ನು ನೋಡಬಹುದು, ಅಚ್ಚು ಹಾಕಬಹುದು, ತಿದ್ದಲಿಕ್ಕಾಗುವುದಿಲ್ಲ. ಗಾಜಿನ ಕಪಾಟಿನಲ್ಲಿ ಬೀಗ ಹಾಕಿಟ್ಟ ಬೆಲ್ಲದ ಹಾಗೆ. ಕೊನೆಗೆ ಜಿನರಾಜರು ಇಡೀ ಕಾಗದವನ್ನು ದೇವರ ಹೆಸರಿನಿಂದ ಹಿಡಿದು ಹೊಸದಾಗಿ ದೊಡ್ಡದರಲ್ಲಿ ಮಾಡಿದರಂತೆ, ಹೆಸರು ತಪ್ಪಿದ ಮಾವ ಎದುರಿನ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಂತೆ.

"ವನಿತಕ್ಕ, ಇನ್ನು ಮುಂದೆ ದೊಡ್ಡದರಲ್ಲಿ ಮಾಡಿದ್ದಾದರೆ ಕಳಿಸಿ. ಇಲ್ಲದಿದ್ದರೆ ಬೇಡ" ಎಂದು ಫೋನಿನಲ್ಲಿ ಹೇಳಿದರು. ಬೈಯಲಿಲ್ಲ. ಬೈಯದೆ ಹೇಳಿದ ಮಾತು ಗಟ್ಟಿ.

ಆ ಪ್ರೆಸ್ಸು ತಪ್ಪಿದರೆ ವನಿತಾಳ ಕೆಲಸವೇ ತಪ್ಪಿದ ಹಾಗೆ. ನೂರು ಕಾಗದದ ಸಣ್ಣ ಕೆಲಸವನ್ನೂ ಮುಖ ಸಿಂಡರಿಸದೆ ತೆಗೆದುಕೊಳ್ಳುವವರು ಅವರೊಬ್ಬರೇ. ಮತ್ತೆ ತಡ್ಪೆ, ಎಲೆ, ಹೊಗೆಸೊಪ್ಪು. ಬೀಡಿ ಕಟ್ಟುವುದು ಕೆಟ್ಟ ಕೆಲಸ ಎಂದು ನಾನು ಹೇಳುವುದಿಲ್ಲ, ಅದರಲ್ಲಿ ನನ್ನ ಮೂರು ಮಕ್ಕಳು ದೊಡ್ಡವರಾಗಿದ್ದಾರೆ. ಆದರೆ ಈಗ ಅದೇ ಮುಗಿಯುತ್ತಾ ಬಂದಿದೆ. ಮುಗಿಯುವ ಕೆಲಸಕ್ಕೆ ಹಿಂದಕ್ಕೆ ಹೋಗುವುದು ಇಳಿದು ಬಂದ ಬಸ್ಸಿಗೆ ಮತ್ತೆ ಟಿಕೆಟು ತೆಗೆದ ಹಾಗೆ.

ಎರಡು ದಿನ ಬಿಟ್ಟು ವನಿತಾ ಏನಾದರೂ ದಾರಿ ಹುಡುಕಲು ಹೊರಟಳು, ಜೊತೆಗೆ ನಾನೂ. ನನ್ನನ್ನು ಯಾರೂ ಕರೆಯಲಿಲ್ಲ. ನನಗೆ ಆ ಮುಳ್ಳು ತೆಗೆಯಬೇಕಿತ್ತು.

ಮೊದಲು ಮಡಂತ್ಯಾರಿನ ಹಮೀದ್. ಗಲ್ಫಿನಲ್ಲಿ ಹತ್ತು ವರ್ಷ ಇದ್ದು ಬಂದು ಕಂಪ್ಯೂಟರಿನ ಅಂಗಡಿ ಇಟ್ಟವನು. ರಿಪೇರಿಯೂ ಮಾಡುತ್ತಾನೆ, ಬ್ಯಾನರು ಕಾಗದಗಳನ್ನೂ ಮಾಡುತ್ತಾನೆ. ವಿಷಯ ಕೇಳಿ ಅವನು, "ಇಷ್ಟೇ ಅಲ್ವಾ, ದೊಡ್ಡದನ್ನು ಹಾಕಿ ಕೊಡುವ, ಅರ್ಧ ಗಂಟೆ ಸಾಕು. ಪೆನ್ ಡ್ರೈವಿನಲ್ಲಿ ಉಂಟು" ಎಂದ.

"ಕದ್ದದ್ದಾ?" ಎಂದೆ.

"ಹಾಗೆಲ್ಲ ಹೇಳಬಾರದು ಲೀಲಕ್ಕ. ಎಲ್ಲರೂ ಹಾಕುವುದು ಅದನ್ನೇ."

ವನಿತಾ ತಲೆ ಆಡಿಸಿದಳು. "ಬೇಡ ಹಮೀದಣ್ಣ. ಕಾಗದದ ಮೇಲೆ ಮೊದಲು ಬರೆಯುವುದು ದೇವರ ಹೆಸರು. ಕದ್ದದ್ದರಲ್ಲಿ ಬರೆಯಲಿಕ್ಕೆ ನನಗೆ ಮನಸ್ಸು ಬರುವುದಿಲ್ಲ."

"ಹಾಗೆ ನೋಡಿದರೆ ಊರಿನ ಮುಕ್ಕಾಲು ಮದುವೆ ರದ್ದು ಮಾಡಬೇಕಾದೀತು ಮಾರಾಯ್ತಿ."

ನಾನು ನನ್ನ ಪ್ರಶ್ನೆ ಕೇಳಿದೆ. "ಚಿಕ್ಕದನ್ನು ನೀನು ಯಾಕೆ ಯಾರಿಗೂ ಹೇಳುವುದಿಲ್ಲ?"

"ಹೇಳಿದರೆ ನನಗೆ ಎಂತ ಉಂಟು ಅದರಲ್ಲಿ? ಅವರು ನೆಟ್ಟಿನಿಂದ ನೇರ ತೆಗೆದುಕೊಳ್ತಾರೆ. ಮತ್ತೆ, ಹೇಳಿದರೂ ನಂಬುವುದಿಲ್ಲ. ಬೆಲೆ ಕೇಳಿದ ಕೂಡಲೇ ಇಷ್ಟಕ್ಕೆ ಎಂತ ಬರ್ತದೆ ಅಂತಾರೆ. ಬೂತಾಯಿ ಅಗ್ಗದ ಮೀನು, ಅದರ ರುಚಿ ಯಾರಿಗೆ ಗೊತ್ತಿಲ್ಲ ಹೇಳಿ. ಆದರೆ ನೆಂಟರು ಬರುವಾಗ ನೀವು ತರುವುದು ಅಂಜಲ್."

"ನಾನು ಬೂತಾಯಿಯೇ ತರುವುದು."

"ಅದಕ್ಕೇ ನಿಮ್ಮಲ್ಲಿಗೆ ನೆಂಟರು ಕಮ್ಮಿ."

ಅವನ ಮಾತಿನಲ್ಲಿ ಅರ್ಧ ಸತ್ಯ ಇತ್ತು. ಉಳಿದ ಅರ್ಧ ನನಗೆ ಅಲ್ಲಿಯೇ ಹೊಳೆಯಿತು. ಕದ್ದ ಅಂಜಲ್ ಪುಕ್ಕಟೆ ಸಿಗುವ ಊರಿನಲ್ಲಿ ಬೂತಾಯಿಗೆ ಕಾಸು ಕೊಡುವವರು ಯಾರು? ದೊಡ್ಡದರ ಬೆಲೆ ಹೆಚ್ಚಾದದ್ದರಿಂದ ಚಿಕ್ಕದಕ್ಕೆ ಲಾಭ ಆಗಬೇಕಿತ್ತು. ಆದರೆ ದೊಡ್ಡದರ ಬೆಲೆ ಇಲ್ಲಿ ಯಾರಿಗೂ ಮುಟ್ಟಲೇ ಇಲ್ಲ.

ನಾನು ಇದನ್ನು ಯೋಚಿಸುತ್ತಾ ಅವನ ಮೇಜಿನ ಆಚೆ ಹೋಗಿ ನಿಂತೆ. ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಬಣ್ಣದ ಗುರುತು ಕಂಡಿತು. ಎಲ್ಲೋ ನೋಡಿದ್ದು ಅನಿಸಿತು. ಹಮೀದ್ ಪರದೆಯನ್ನು ಗೋಡೆಯ ಕಡೆ ತಿರುಗಿಸಿ, "ಚಾ ತರಿಸುವುದಾ?" ಎಂದು ಕೇಳಿದ.

ಬೆಳ್ತಂಗಡಿಯಲ್ಲಿ ಕಂಪ್ಯೂಟರು ಕಲಿಸುವ ಕಡೆ ಹೋದೆವು. ದೊಡ್ಡದನ್ನೇ ಕಲಿಯುವುದಾದರೆ ಎಷ್ಟು ತಿಂಗಳು ಎಂದು ವನಿತಾ ಕೇಳುತ್ತಿದ್ದಳು. ಕಲಿಸುವ ಹೆಂಗಸಿನ ಹತ್ತಿರ ನಾನು, "ಚಿಕ್ಕದನ್ನು ಯಾಕೆ ಕಲಿಸುವುದಿಲ್ಲ?" ಎಂದೆ.

"ಕೆಲಸ ಕೊಡುವವರು ದೊಡ್ಡದೇ ಬರಬೇಕು ಅಂತಾರೆ ಅಮ್ಮ. ಅದಕ್ಕೆ ಅದನ್ನೇ ಕಲಿಸುವುದು."

"ಅವರು ಯಾಕೆ ಅದನ್ನೇ ಕೇಳುವುದು?"

"ಬರುವವರೆಲ್ಲ ಅದನ್ನೇ ಕಲಿತು ಬರ್ತಾರಲ್ಲ."

ಗಾಣದ ಎತ್ತನ್ನು ನೋಡಿದವರಿಗೆ ಇದು ಹೊಸತಲ್ಲ. ಆ ಹೆಂಗಸು ಒಳ್ಳೆಯವಳು. ಚಿಕ್ಕದರ ಹೆಸರನ್ನು ವನಿತಾಳಿಂದ ಕೇಳಿ ಅಂಗೈಯಲ್ಲಿ ಬರೆದುಕೊಂಡಳು. ಸಂಜೆ ಕೈ ತೊಳೆಯುವಾಗ ಹೋಗಿರುತ್ತದೆ.

ಅಲ್ಲಿಂದ ವೇಣೂರಿನ ಮೇಲೆ ಮೂಡುಬಿದಿರೆ. ಜಿನರಾಜರು ನನಗೆ ಕುರ್ಚಿ ಕೊಟ್ಟರು. ಮಾವ ಕೂತ ಕುರ್ಚಿಯೇ ಇರಬೇಕು. ಹೆಸರು ನೋಡದೆ ಸರಿ ಎಂದದ್ದು ನಾನು, ಸೊಸೆಯ ತಪ್ಪಲ್ಲ ಎಂದು ಮೊದಲೇ ಹೇಳಿದೆ.

"ಹೆಸರು ತಪ್ಪುವುದು ದಿನಾ ಆಗ್ತದೆ ಲೀಲಕ್ಕ. ಅದಕ್ಕೆ ನನಗೆ ಬೇಜಾರಿಲ್ಲ. ತಿದ್ದಲಿಕ್ಕೆ ಆಗಬೇಕು, ಅಷ್ಟೇ. ನನ್ನಲ್ಲಿಗೆ ಎಷ್ಟೋ ಕಡೆಯಿಂದ ಫೈಲು ಬರ್ತದೆ. ಎಲ್ಲ ಒಂದೇ ತರಹ. ನಿಮ್ಮ ಸೊಸೆಯದ್ದು ಮಾತ್ರ ಬೇರೆ."

"ನೀವೂ ಒಂದು ಚಿಕ್ಕದನ್ನು ಹಾಕಿಕೊಳ್ಳಿ. ಒಂದು ಮಿಕ್ಸಿಯ ಬೆಲೆ."

"ಬೆಲೆ ವಿಷಯ ಅಲ್ಲ. ನಾ ಕಲಿಯಬೇಕು, ನನ್ನ ಕೆಲಸದವರು ಕಲಿಯಬೇಕು. ಇವರೊಬ್ಬರಿಗೋಸ್ಕರ? ನಾಳೆ ಇವರೇ ಬಿಟ್ಟರೆ?" ಅವರು ಸ್ವಲ್ಪ ಹೊತ್ತು ಕಾಗದದ ಕಟ್ಟು ಬಡಿದು ಸಮ ಮಾಡಿದರು. "ಒಂದು ಕೆಲಸ ಮಾಡುವ. ಇನ್ನು ನಾಲ್ಕು ಜನ ಅದರಲ್ಲೇ ಮಾಡಿ ಕಳಿಸ್ತಾರೆ ಅಂತಾದರೆ ನಾನೂ ಹಾಕ್ತೇನೆ. ಆಟಿ ತಿಂಗಳು ಮುಗಿಯುವವರೆಗೆ ಸಮಯ ಉಂಟು. ಹೇಗೂ ಆಟಿಯಲ್ಲಿ ಮದುವೆ ಇಲ್ಲ."

"ನಾಲ್ಕೇ ಯಾಕೆ?"

"ಒಬ್ಬರು ಮಾಡಿದರೆ ಹಠ. ಇಬ್ಬರು ಮಾಡಿದರೆ ದೋಸ್ತಿ. ಐದು ಜನ ಮಾಡಿದರೆ ಅದು ಊರಿನ ಪದ್ಧತಿ."

ಸಿದ್ಧಕಟ್ಟೆಯ ದಾರಿಯಲ್ಲಿ ಬಸ್ಸಿನಲ್ಲಿ ವನಿತಾ ಬೆರಳು ಮಡಚಿ ಎಣಿಸಿದಳು. ಆಮೇಲೆ, "ನಾಲ್ಕು ಜನಕ್ಕೆ ಹೇಳಿಕೊಟ್ಟರೆ ನನ್ನ ಕೆಲಸ ನಾಲ್ಕು ಪಾಲು ಆಗ್ತದೆ" ಎಂದಳು.

"ಐದು" ಎಂದೆ.

"ನಿಮ್ಮ ಹತ್ತಿರ ಒಂದು ಹೇಳುವುದುಂಟು ಅತ್ತೆ. ಸ್ವಸಹಾಯ ಸಂಘದ ಹೆಂಗಸರು ನನ್ನನ್ನು ಕೇಳಿದ್ರು, ಯಾವುದರಲ್ಲಿ ಮಾಡುವುದು ಅಂತ. ನಾನು ದೊಡ್ಡದರಲ್ಲಿ ಅಂತ ಸುಳ್ಳು ಹೇಳಿದೆ. ಅದರ ಬೆಲೆ ಕೇಳಿ ಅವರು ಸುಮ್ಮನಾದ್ರು."

ಮೂರು ಊರು ತಿರುಗಿ ಹುಡುಕಿದ ಉತ್ತರ ನನ್ನ ಪಕ್ಕದ ಸೀಟಿನಲ್ಲಿಯೇ ಇತ್ತು. ಬೈಯಬೇಕೆಂದು ಬಾಯಿ ತೆರೆದೆ. ಆಗ ಬಿಸ್ಕತ್ತಿನ ಡಬ್ಬಿ ನೆನಪಾಗಿ ಬಾಯಿ ಮುಚ್ಚಿದೆ.

ಕತ್ತರಿಯ ಕಥೆ ಇದು. ನನಗೆ ಮೂವತ್ತು ಆಗಿರಬಹುದು. ಬೀಡಿ ಎಲೆಯನ್ನು ತಗಡಿನ ಅಳತೆಗೆ ಸರಿಯಾಗಿ ಕತ್ತರಿಸಬೇಕು, ಸಾವಿರ ಬೀಡಿಗೆ ಸಾವಿರ ಎಲೆ. ಪೇಟೆಯ ಅಂಗಡಿಯ ಕತ್ತರಿ ಭಾರ. ಹದಿನೈದು ದಿನಕ್ಕೆ ಹರಿತ ಹೋಗಿ ಹೆಬ್ಬೆರಳು ಬಾತುಕೊಳ್ಳುತ್ತಿತ್ತು. ನಮ್ಮ ಹೊಳೆಬದಿಯಲ್ಲಿ ಬಾಬು ಆಚಾರಿಯ ಕುಲುಮೆ ಇತ್ತು. ಕತ್ತಿ, ಹಾರೆ ಮಾಡುವವನು. ಒಮ್ಮೆ ಕತ್ತಿಗೆ ಹಿಡಿ ಹಾಕಿಸಲು ಹೋದಾಗ ಅವನು ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದ ಒಂದು ಸಣ್ಣ ಕತ್ತರಿ ತೋರಿಸಿದ. "ಬೀಡಿಯವರಿಗೆ ಆಗಬಹುದಾ ನೋಡಿ" ಎಂದ. ಬೆಲೆ ಅಂಗಡಿಯದ್ದಕ್ಕಿಂತ ಕಮ್ಮಿ. ತಂದು ಎಲೆಗೆ ಇಟ್ಟೆ. ಎಲೆ ಕತ್ತರಿಸಿದ್ದು ಕೈಗೆ ಗೊತ್ತಾಗಲಿಲ್ಲ, ಕಿವಿಗೆ ಮಾತ್ರ ಗೊತ್ತಾಯಿತು.

ಆಗ ಬ್ರಾಂಚಿನಲ್ಲಿ ಎಲೆ ಎಲ್ಲರಿಗೂ ಸಾಲುತ್ತಿರಲಿಲ್ಲ. ಬೇಗ ಕಟ್ಟಿ ತಂದವರಿಗೆ ಹೆಚ್ಚು ಎಲೆ. ನನ್ನ ಹತ್ತಿರ ಇಂಥ ಕತ್ತರಿ ಉಂಟೆಂದು ತಿಳಿದರೆ ನಾಳೆ ಎಲ್ಲರ ಹತ್ತಿರವೂ ಇರುತ್ತದೆ. ನಾನು ಕುಲುಮೆಗೆ ತಿರುಗಿ ಹೋಗಿ, "ಆಚಾರ್ರೆ, ಇದನ್ನು ಯಾರಿಗೂ ಹೇಳಬಾರದು" ಎಂದು ಮಾತು ತೆಗೆದುಕೊಂಡೆ. ಹಿಡಿಯ ಮೇಲೆ ಅವನು ತನ್ನ ಗುರುತಿಗೆ ಮೂರು ಚುಕ್ಕೆ ಹೊಡೆದಿದ್ದ. ಅದು ಕಾಣಬಾರದೆಂದು ಬಟ್ಟೆ ಸುತ್ತಿದೆ.

ಪಕ್ಕದ ಮನೆಯ ಬೀಪಾತುಮ್ಮನೂ ನಾನೂ ಒಟ್ಟಿಗೆ ಕೂತು ಬೀಡಿ ಕಟ್ಟುವವರು. ನಾನು ಉಪ್ಪು ಸಾಲ ತರುವುದು ಅವಳಲ್ಲಿಂದ, ಅವಳು ಮಕ್ಕಳನ್ನು ಬಿಟ್ಟು ಹೋಗುವುದು ನನ್ನಲ್ಲಿ. ಅವಳು ಕೇಳಿದಳು, "ಬಟ್ಟೆ ಎಂತಕ್ಕೆ ಲೀಲಾ?"

"ಬೆರಳಿಗೆ ಬೊಕ್ಕೆ ಬರ್ತದೆ" ಎಂದೆ.

ಸ್ವಲ್ಪ ದಿನದಲ್ಲಿ ಅವಳೂ ಅವಳ ಕತ್ತರಿಗೆ ಒಂದು ಹಸಿರು ಬಟ್ಟೆ ಸುತ್ತಿಕೊಂಡಳು. ನನ್ನನ್ನು ನೋಡಿ ಕಲಿತಳು ಎಂದುಕೊಂಡೆ.

ಬಾಬು ಆಚಾರಿ ನಾಲ್ಕೈದು ವರ್ಷ ಕಾದ. ಆಮೇಲೆ, "ಕತ್ತರಿಗೆ ಗಿರಾಕಿ ಆಗಲಿಲ್ಲ" ಎಂದು ಕುಲುಮೆಯನ್ನೇ ಮುಚ್ಚಿ, ಗೇಟು ಗ್ರಿಲ್ಲು ವೆಲ್ಡಿಂಗ್ ಮಾಡುವವರ ಜೊತೆ ಕೆಲಸಕ್ಕೆ ಹೋದ. ನನ್ನ ಕತ್ತರಿಯ ಹರಿತ ಹೋದಾಗ ಸಾಣೆ ಹಿಡಿಯುವವನಿಗೆ ಕೊಟ್ಟೆ. ಅವನಿಗೆ ಆ ಉಕ್ಕಿನ ಹದ ತಿಳಿಯದು. ಹಾಳು ಮಾಡಿ ಕೊಟ್ಟ. ನಾನು ಮತ್ತೆ ಅಂಗಡಿಯ ಕತ್ತರಿಗೆ ಬಂದೆ. ಹೀಗಾಗಿ ಡಬ್ಬಿಯಲ್ಲಿರುವ ಈ ಕಬ್ಬಿಣವನ್ನು ಬಿಸಾಡಲಿಲ್ಲ. ಕಣ್ಣೀರಿನ ವಿಷಯ ಎಂತದೂ ಇಲ್ಲ. ತಪ್ಪು ಮಾಡಿದ ಗುರುತಿಗೆ ಒಂದು ಇರಲಿ ಎಂದು.

ಬಸ್ಸಿನಲ್ಲಿ ಇದನ್ನು ವನಿತಾಳಿಗೆ ಹೇಳಿದೆ. ಅವಳು ಕಿಟಕಿಯ ಕಡೆ ನೋಡುತ್ತಾ, "ನಾಲ್ವರನ್ನು ಎಲ್ಲಿಂದ ತರುವುದು?" ಎಂದಳು. ಅಂದರೆ ಒಪ್ಪಿದಳು.

ಮರುದಿನ ಕತ್ತರಿಯನ್ನು ಸೆರಗಿನಲ್ಲಿ ಇಟ್ಟುಕೊಂಡು ಬೀಪಾತುಮ್ಮನ ಮನೆಗೆ ಹೋದೆ. ಅವಳ ಸೊಸೆ ಜೊಹರಾ ಮದುಮಗಳ ಕೈಗೆ ಮದರಂಗಿ ಹಾಕುವವಳು. ಅವಳ ಬಳ್ಳಿ ಹೂಗಳನ್ನು ನೋಡಿದರೆ ಕೈಯಿಂದ ಕಿತ್ತು ಮುಡಿಯುವ ಅನಿಸುತ್ತದೆ. ಅವಳಿಗೆ ಚಿಕ್ಕದನ್ನು ಕಲಿಸಬೇಕೆಂದು ನನ್ನ ಯೋಚನೆ. ಆದರೆ ಅದಕ್ಕೆ ಮೊದಲು ಹಳೆಯದ್ದು ಹೇಳಿ ಮುಗಿಸಬೇಕಿತ್ತು. ಬೀಪಾತುಮ್ಮ ಜಗಲಿಯಲ್ಲಿ ಒಣಮೀನು ಹರಡುತ್ತಿದ್ದಳು.

"ಬೀಪಾತುಮ್ಮ, ನಿನಗೆ ನಾನು ಒಂದು ಸುಳ್ಳು ಹೇಳಿದ್ದೆ. ನಲ್ವತ್ತು ವರ್ಷ ಆಯಿತು."

"ಒಂದೇ ಒಂದಾ?" ಎಂದಳು, ಮೀನಿನಿಂದ ತಲೆ ಎತ್ತದೆ.

ಕತ್ತರಿ ತೆಗೆದು ಬಟ್ಟೆ ಬಿಚ್ಚಿ ಮೂರು ಚುಕ್ಕೆ ತೋರಿಸಿದೆ. ಬೊಕ್ಕೆಯೂ ಇಲ್ಲ ಎಂತದೂ ಇಲ್ಲ, ಇದು ಬಾಬು ಆಚಾರಿಯ ಕತ್ತರಿ, ನೀನು ನನ್ನಷ್ಟೇ ಬೇಗ ಕಟ್ಟಬಾರದೆಂದು ಅಡಗಿಸಿದೆ ಎಂದೆ. ಅವಳು ಚುಕ್ಕೆಗಳನ್ನು ನೋಡಿದಳು, ನನ್ನನ್ನು ನೋಡಿದಳು. ಕೈ ಒರೆಸಿಕೊಂಡು ಒಳಗೆ ಹೋದಳು. ಕೋಪ ಬಂತು, ಇನ್ನು ಹೊರಗೆ ಬರುವುದಿಲ್ಲ ಎಂದುಕೊಂಡೆ. ಬಂದಳು. ಕೈಯಲ್ಲಿ ಹಸಿರು ಬಟ್ಟೆ ಸುತ್ತಿದ ಕತ್ತರಿ. ಬಿಚ್ಚಿ ನನ್ನದರ ಪಕ್ಕದಲ್ಲಿ ಇಟ್ಟಳು. ಮೂರು ಚುಕ್ಕೆ.

"ನನಗೂ ಹೇಳಬಾರದು ಅಂತ ಇತ್ತು" ಎಂದಳು. "ನೀನು ಬಟ್ಟೆ ಸುತ್ತಿದ್ದು ನನಗೆ ಒಳ್ಳೆಯದೇ ಆಯ್ತು. ನಾನೂ ಸುತ್ತಿದೆ, ನೀನು ಕೇಳಲಿಲ್ಲ."

"ಆಚಾರಿ ನನಗೆ ಹೇಳಲೇ ಇಲ್ಲ."

"ಹೇಗೆ ಹೇಳುವುದು? ಯಾರಿಗೂ ಹೇಳಬೇಡಿ ಅಂತ ನಾನು ಮಾತು ತೆಗೆದುಕೊಂಡಿದ್ದೆ. ಅವರು ಮಾತಿಗೆ ತಪ್ಪುವವರಲ್ಲ."

ಇಬ್ಬರೂ ನಗಲಿಲ್ಲ. ನಗು ಬಂದದ್ದು ಆಮೇಲೆ, ಒಣಮೀನಿಗೆ ಕಾಗೆ ಬಂದು ಅದನ್ನು ಓಡಿಸಲು ಇಬ್ಬರೂ ಕತ್ತರಿಯನ್ನೇ ಎತ್ತಿಕೊಂಡಾಗ.

ಜೊಹರಾ ಒಪ್ಪಿದಳು. ಸಂಘದ ಇಬ್ಬರು ಹೆಂಗಸರ ಹತ್ತಿರ ವನಿತಾ ತಾನೇ ಹೋಗಿ, ಹಿಂದೆ ಸುಳ್ಳು ಹೇಳಿದೆ ಎಂದು ಹೇಳಿದಳು. ಒಬ್ಬಳು ಒಂದು ವಾರ ಮುಖ ತಿರುಗಿಸಿದಳು, ಆಮೇಲೆ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. ಮೂವರಾದರು. ನಾಲ್ಕನೆಯವರು ಸಿಗಲಿಲ್ಲ. ಆಟಿ ಅರ್ಧ ಕಳೆಯಿತು. ವನಿತಾ ಬ್ರಾಂಚಿನಲ್ಲಿ ಎಲೆಗೆ ತನ್ನ ಹೆಸರು ಬರೆಸಲೇ ಎಂದು ಕೇಳಿದಳು.

ಒಂದು ದಿನ ಅವಳ ಹಿಂದೆ ನಿಂತು ನೋಡುತ್ತಿದ್ದೆ. ಪರದೆಯ ಮೂಲೆಯಲ್ಲಿ ಅದೇ ಪುಟ್ಟ ಬಣ್ಣದ ಗುರುತು. ಓದಲು ಬರುವವರು ಅಕ್ಷರ ನೋಡುತ್ತಾರೆ, ನಾವು ಗುರುತು ನೋಡುತ್ತೇವೆ. ಮುಂದಿನ ಬಸ್ಸಿಗೆ ಒಬ್ಬಳೇ ಮಡಂತ್ಯಾರಿಗೆ ಹೋದೆ.

"ಹಮೀದ್, ಆ ದಿವಸ ಪರದೆಯನ್ನು ಗೋಡೆಗೆ ಯಾಕೆ ತಿರುಗಿಸಿದ್ದು?"

ಅವನು ಕುತ್ತಿಗೆ ತುರಿಸಿಕೊಂಡ. ಅಂಗಡಿಯಲ್ಲಿ ಬೇರೆ ಯಾರೂ ಇಲ್ಲವೆಂದು ನೋಡಿದ. "ಎರಡು ವರ್ಷ ಆಯ್ತು ಲೀಲಕ್ಕ. ಕೈಗೆ ಅದೇ ಹಗುರ ಆಗುವುದು. ಚಿಕ್ಕದರಲ್ಲಿ ಮಾಡುವುದು, ಕಡೆಗೆ ದೊಡ್ಡದರಲ್ಲಿ ಇನ್ನೊಮ್ಮೆ ಕೂತು ಮಾಡಿ ಪ್ರೆಸ್ಸಿಗೆ ಕಳಿಸುವುದು."

"ಒಂದೇ ಕೆಲಸ ಎರಡು ಸಲ?"

"ಎಂತ ಮಾಡುವುದು? ಅಗ್ಗದ್ದರಲ್ಲಿ ಮಾಡ್ತಾನೆ ಅಂತ ಗೊತ್ತಾದರೆ ಗಿರಾಕಿಗಳು ರೇಟು ಕಮ್ಮಿ ಮಾಡು ಅಂತಾರೆ."

"ಬೂತಾಯಿ ಉಂಡು ಅಂಜಲ್ ಉಂಡೆ ಅಂತ ಕೈ ಮೂಸಿಸುವವ ನೀನು. ಜಿನರಾಜರಿಗೆ ಈಗ ಫೋನು ಮಾಡು, ನನ್ನ ಎದುರು."

"ಈಗಲೇ ಮಾಡಬೇಕಾ?"

"ಮಾಡದಿದ್ದರೆ ನಾನು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಹೇಳ್ತೇನೆ. ನನಗೆ ಬೇರೆ ಕೆಲಸ ಇಲ್ಲ."

ಮಾಡಿದ. ಆ ಕಡೆಯಿಂದ ಜಿನರಾಜರು ನಕ್ಕದ್ದು ನನಗೂ ಕೇಳಿಸಿತು. "ನೀನೂ ಆ ಗುಂಪಿನವನಾ?" ಎಂದರು.

ಆಟಿ ಮುಗಿದ ವಾರ ಪ್ರೆಸ್ಸಿನ ಮೆಷಿನಿಗೆ ಚಿಕ್ಕದು ಬಂತು. ಅದಕ್ಕೆ ಬಂದ ಮೊದಲ ಕಾಗದದಲ್ಲಿಯೂ ಒಬ್ಬ ಮಾವನ ಹೆಸರು ಬಿಟ್ಟು ಹೋಗಿತ್ತು. ಜಿನರಾಜರು ತಾವೇ ಸೇರಿಸಿ, ಅಚ್ಚು ಹಾಕಿ, ಆಮೇಲೆ ಫೋನು ಮಾಡಿ ತಿಳಿಸಿದರು. ವನಿತಾಳ ಮೇಜು ಚಾವಡಿಯಲ್ಲಿಯೇ ಉಳಿದಿದೆ. ಕೆಲಸ ಮೊದಲಿನಷ್ಟು ಇಲ್ಲ. ಜೊಹರಾಳ ಬಳ್ಳಿ ನೋಡಿ ಇಬ್ಬರು ಗಿರಾಕಿಗಳು ಆ ಕಡೆ ಹೋದರು. ವನಿತಾ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾನು ಸಮಾಧಾನ ಹೇಳಲಿಲ್ಲ. ಜೊಹರಾಳ ಬಳ್ಳಿ ನಿಜವಾಗಿಯೂ ಚಂದ. ನಾಲ್ಕನೆಯ ದಿನ ವನಿತಾ ಅವಳಲ್ಲಿಗೆ ಹೋಗಿ ಬಳ್ಳಿ ಬಗ್ಗಿಸುವುದು ಹೇಗೆಂದು ಕೇಳಿ ಬಂದಳು.

ನನ್ನ ಹಲ್ಲಿನ ಮುಳ್ಳು ಹೋಯಿತೋ ಎಂದರೆ, ಇಲ್ಲ. ಇನ್ನೊಂದು ಸಿಕ್ಕಿಕೊಂಡಿತು. ಮಧ್ಯಾಹ್ನ ಕಣ್ಣು ಮುಚ್ಚಿದರೆ ಹಳೆಯ ಬ್ರಾಂಚಿನ ಜಗಲಿ ಎದುರು ಬರುತ್ತದೆ. ಶನಿವಾರ, ಬೀಡಿ ಒಪ್ಪಿಸಲು ಕಾಯುವ ಸಾಲು. ಮಡಿಲಲ್ಲಿ ತಡ್ಪೆ, ತಡ್ಪೆಯಲ್ಲಿ ಕತ್ತರಿ. ಬೀಪಾತುಮ್ಮನದ್ದಕ್ಕೆ ಹಸಿರು ಬಟ್ಟೆ. ಸುಶೀಲಳದ್ದಕ್ಕೆ ನೀಲಿ, ಅವಳ ಗಂಡನ ಹಳೆಯ ಲುಂಗಿಯದ್ದು ಇರಬೇಕು. ಪಾಣೆಮಂಗಳೂರಿನಿಂದ ಬರುತ್ತಿದ್ದ ಆ ಉದ್ದದ ಹೆಂಗಸಿನದ್ದಕ್ಕೆ ಕೆಂಪು ಅಂಚಿನ ಬಿಳಿ. ಕಂಬದ ಹತ್ತಿರ ಕೂರುತ್ತಿದ್ದ ಅಕ್ಕತಂಗಿಯರು, ಇಬ್ಬರಿಗೂ ಒಂದೇ ಸೀರೆಯ ತುಂಡು. ಯಾರೂ ಯಾರನ್ನೂ ಕೇಳಲಿಲ್ಲ. ಉಳಿದವರಿಗೆಲ್ಲ ಬೊಕ್ಕೆ ಎಂದುಕೊಂಡಿದ್ದೆವು.